117 ಫೋಟೋ, ಒಂದು ಪಡಸಾಲೆ

ಹೊಸ ಮನೆಗೆ ಗೋಡೆ ಬಂತು, ಛತ್ತು ಬಂತು, ಪ್ಲಾಸ್ಟರ್ ಆಯಿತು, ಆಮೇಲೆ ನನಗೆ ಹುಚ್ಚು ಹಿಡಿಯಿತು. ಒಳಗೆಲ್ಲ ಹೇಗಿರಬೇಕು ಅನ್ನೋ ಹುಚ್ಚು.

ನಾನು ಕಲಬುರಗಿಯಲ್ಲಿ ಪ್ರೈಮರಿ ಶಾಲೆ ಟೀಚರ್. ಸೇಡಂ ರೋಡಿನ ಕಡೆ ನಮ್ಮದೊಂದು 30-40 ಸೈಟು. ಅದರಲ್ಲಿ ಎರಡು ಬೆಡ್‌ರೂಮು, ಒಂದು ಪಡಸಾಲೆ, ಅಡುಗೆಮನೆ, ಅತ್ತೆಯ ಹಟಕ್ಕೆ ಮುಂದೊಂದು ಕಟ್ಟೆ. ಇಷ್ಟೇ ಮನೆ. ಆದರೆ ರಾತ್ರಿ ಊಟ ಮುಗಿಸಿ, ಪಾತ್ರೆ ತೊಳೆದು, ಫೋನ್ ಹಿಡಿದು ಅಡ್ಡಾದರೆ ಸಾಕು, ನಾನು ಒಂದು ಗಳಿಗೆ ಡೆನ್ಮಾರ್ಕಿನಲ್ಲಿ, ಇನ್ನೊಂದು ಗಳಿಗೆ ಮೊರಾಕ್ಕೋದಲ್ಲಿ. ಪಿಂಟರೆಸ್ಟ್‌ನ ಚಾಳಿ ಗೊತ್ತಲ್ವಾ, ಒಂದು ಬಿಳಿ ಕೋಣೆ ನೋಡಿದರೆ ಅಂಥದ್ದೇ ಇನ್ನೂರು ತಂದು ಸುರಿಯುತ್ತದೆ. ಸುಮ್ನೆ ಸೇವ್ ಮಾಡುತ್ತಾ ಹೋದೆ. ದೀಪಾವಳಿಯಿಂದ ಸಂಕ್ರಾಂತಿಯೊಳಗೆ 117 ಫೋಟೋ ಆದವು. ಬಸವ ಜಯಂತಿ ಹೊತ್ತಿಗೆ ಗೃಹಪ್ರವೇಶ ಅಂತ ಮನೆಯಲ್ಲಿ ಮಾತಾಗಿತ್ತು.

ಹೆಸರುಗಳೂ ಬಾಯಿಗೆ ಬಂದವು. ಬಿಳಿ ಗೋಡೆ, ತಿಳಿ ಬಣ್ಣದ ಮರ, ಕುರ್ಚಿ ಮೇಲೊಂದು ಉಣ್ಣೆಯ ಹೊದಿಕೆ ಇದ್ದರೆ ಸ್ಕ್ಯಾಂಡಿನೇವಿಯನ್. ಇಟ್ಟಿಗೆ ಕಾಣುವ ಗೋಡೆ, ಕಪ್ಪು ಕಬ್ಬಿಣ, ತಲೆ ಮೇಲೆ ಪೈಪು ಹಾದುಹೋಗಿದ್ದರೆ ಇಂಡಸ್ಟ್ರಿಯಲ್. ಬಣ್ಣಬಣ್ಣದ ದಿಂಬು, ಹಗ್ಗದ ಹೆಣಿಗೆ, ಗಿಡ, ಕನ್ನಡಿ ಎಲ್ಲ ಒಂದೇ ಕಡೆ ಗುಡ್ಡೆ ಬಿದ್ದಿದ್ದರೆ ಬೋಹೋ. ಸಣ್ಣ ಓರೆ ಕಾಲಿನ ಮರದ ಕುರ್ಚಿ ಇದ್ದರೆ ಮಿಡ್ ಸೆಂಚುರಿ ಮಾಡರ್ನ್. ಜಪಾನನ್ನೂ ಸ್ಕ್ಯಾಂಡಿನೇವಿಯಾವನ್ನೂ ಕಲಸಿದರೆ ಜಪಾಂಡಿ. ಏನೂ ಇಲ್ಲದಿದ್ದರೆ ಮಿನಿಮಲಿಸ್ಟ್. ಇದನ್ನೆಲ್ಲ ನಮ್ಮ ಮನೆಯವರಿಗೆ ಕೂರಿಸಿಕೊಂಡು ವಿವರಿಸಿದೆ. ಅವರು ಕೇಳಿದ್ದು ಒಂದೇ: “ಹಂಗಾದ್ರ ಈಗ ನಮ್ಮನಿ ಮಿನಿಮಲಿಸ್ಟೇ ಅದ ಅಲ್ಲಾ?” ಬರೀ ಪ್ಲಾಸ್ಟರ್ ಗೋಡೆ, ಮೂಲೆಯಲ್ಲಿ ಎರಡು ಸಿಮೆಂಟ್ ಚೀಲ. ಅಲ್ಲ ಅನ್ನೋಕೂ ಬರಲಿಲ್ಲ.

ನನ್ನ ಕೈಲಿ ಆಗಲ್ಲ ಅನ್ನಿಸಿ ಒಂದು ಇಂಟೀರಿಯರ್ ಕಂಪನಿಯವರನ್ನು ಕರೆಸಿದೆವು. ಹುಡುಗ ಬಂದ, ಲೇಸರ್ ಇಟ್ಟು ಅಳತೆ ತೆಗೆದುಕೊಂಡ, ಹತ್ತು ಸಾವಿರ ಅಡ್ವಾನ್ಸ್ ತೆಗೆದುಕೊಂಡ, ಎಂಟು ದಿನ ಬಿಟ್ಟು ತ್ರೀಡಿ ಚಿತ್ರ ಕಳಿಸಿದ. ಮೂರು ಮಜಲಿನ ಫಾಲ್ಸ್ ಸೀಲಿಂಗ್, ಅದರ ಸಂದಿಯಲ್ಲಿ ನೀಲಿ ಲೈಟು, ಮಾರ್ಬಲ್ ಥರ ಕಾಣುವ ಟಿವಿ ಯೂನಿಟ್ಟು. ಕೊಟೇಶನ್ ಆರು ಲಕ್ಷ ಎಂಬತ್ತು ಸಾವಿರ. ದುಡ್ಡಿನ ಮಾತು ಬಿಡಿ, ಅದೇ ಸೋಫಾ, ಅದೇ ಹೂದಾನಿ, ಗೋಡೆ ಮೇಲೆ ಅದೇ ಕುದುರೆ ಚಿತ್ರ ಇದ್ದ ತ್ರೀಡಿ ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಫೋನಿನಲ್ಲೂ ಇತ್ತು! ಅವರದು ಜೇವರ್ಗಿ ರೋಡಿನ ಫ್ಲ್ಯಾಟು, ನಮ್ಮದು ಸ್ವಂತ ಕಟ್ಟಡ, ಕಿಟಕಿ ಇರೋ ದಿಕ್ಕೇ ಬೇರೆ. ಆದರೂ ಕುದುರೆ ಅದೇ. ಅಡ್ವಾನ್ಸ್ ವಾಪಸ್ ಬರಲಿಲ್ಲ, ನಾವೂ ಕೇಳೋದು ಬಿಟ್ಟೆವು.

ಆಮೇಲೆ ಒಂದು ದಿನ ತಲೆಗೆ ಬಂತು. ಫೋನಿನಲ್ಲಿ ಫೋಟೋ ಒಂದೊಂದೇ ಬರುತ್ತೆ, ಹೋಗುತ್ತೆ. ಎಲ್ಲವನ್ನೂ ಒಟ್ಟಿಗೆ ನೋಡಿಯೇ ಇಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಕಲರ್ ಝೆರಾಕ್ಸ್ ಅಂಗಡಿಗೆ ಹೋಗಿ ಒಂದು ಹಾಳೆಗೆ ನಾಲ್ಕರ ಹಾಗೆ 117ನ್ನೂ ಪ್ರಿಂಟ್ ಹಾಕಿಸಿದೆ. ಅಂಗಡಿ ಹುಡುಗ “ಪ್ರಾಜೆಕ್ಟ್ ಏನ್ರಿ ಮೇಡಂ?” ಅಂದ. ಹೌದಪ್ಪ ಅಂದೆ. ಮನೆಗೆ ಬಂದು ಕತ್ತರಿಸಿ ಬಾಡಿಗೆ ಮನೆಯ ನೆಲದ ಮೇಲೆಲ್ಲ ಹರಡಿದೆ. ಸ್ಟೈಲ್ ಪ್ರಕಾರ ಜೋಡಿಸಬೇಕು ಅಂತ ನನ್ನ ಲೆಕ್ಕ.

ಅಷ್ಟರಲ್ಲಿ ಅತ್ತೆ ಬಂದು ಎದುರಿಗೆ ಕೂತರು. ಶೇಂಗಾ ಬಿಡಿಸುತ್ತಿದ್ದರು, ಮೊರವನ್ನು ಪಕ್ಕಕ್ಕಿಟ್ಟು ಒಂದು ಫೋಟೋ ಎತ್ತಿಕೊಂಡರು. ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. “ಯವ್ವಾ, ಇದ್ರಾಗ ಮಂದೀನೇ ಇಲ್ಲಲ್ಲ. ಮನಿ ಬಿಟ್ಟು ಹೋಗ್ಯಾರೇನು?” ನಾನು ನಕ್ಕೆ. ಅವರು ನಗಲಿಲ್ಲ. ಇನ್ನೊಂದು ಎತ್ತಿದರು. “ಇದು ದವಾಖಾನಿ ಇದ್ದಂಗ ಅದ.” ಅದು ನನಗೆ ತುಂಬಾ ಇಷ್ಟದ ಬಿಳಿ ಅಡುಗೆಮನೆ. ಮೂರನೆಯದು ಗಾಜಿನ ಟೀಪಾಯಿ, ಅದರ ಮೇಲೆ ಇಪ್ಪತ್ತು ಚಿಲ್ಲರೆ ಸಾಮಾನು. “ಇದನ್ನ ದಿನಾ ಒರಸೋರು ಯಾರು? ನೀನಾ, ನಾನಾ?” ನಾಲ್ಕನೆಯದಕ್ಕೆ ಸ್ವಲ್ಪ ತಡೆದರು. ತಗ್ಗಾದ ಕಟ್ಟೆಯಂಥ ಕೂರುವ ಜಾಗ, ಗೋಡೆಗೆ ಎರಡು ದಿಂಬು, ಪಕ್ಕದ ಕಿಟಕಿಯಿಂದ ಬೆಳಕು. “ಇಲ್ಲಿ ಕೂಡಬಹುದು ನೋಡು,” ಅಂತ ಅದನ್ನು ತಮ್ಮ ಮಂಡಿ ಪಕ್ಕ ಇಟ್ಟುಕೊಂಡರು.

ನನ್ನ ಸ್ಟೈಲ್ ಲೆಕ್ಕ ಅಲ್ಲಿಗೆ ಮುಗಿಯಿತು. ಅತ್ತೆ ಒಂದು ತಾಸು ಕೂತು ಮೂರು ಗುಂಪು ಮಾಡಿದರು. ಕೂಡೋದು, ನೋಡೋದು, ಒರಸೋದು. ಎಣಿಸಿದೆ. ನೋಡೋದು 51, ಒರಸೋದು 43, ಕೂಡೋದು ಬರೀ 23. ನಾನು ಮೂರು ತಿಂಗಳು ನಿದ್ದೆಗೆಟ್ಟು ಸೇರಿಸಿದ್ದರಲ್ಲಿ ಹೆಚ್ಚುಕಮ್ಮಿ ಎಂಬತ್ತು ಪರ್ಸೆಂಟ್ ಹೋಯಿತು.

ಬೇಜಾರಾಯಿತು, ಸುಳ್ಳು ಹೇಳಲ್ಲ. ಆದರೆ ಆ 23ನ್ನು ಇಟ್ಟುಕೊಂಡು ರಾತ್ರಿ ನೋಡುತ್ತಾ ಕೂತೆ. ಒಂದು ಜಪಾನಿನದು, ಒಂದು ಮೊರಾಕ್ಕೋದ್ದು, ಒಂದು ಕೇರಳದ ನಾಲ್ಕುಕಟ್ಟು ಮನೆ, ಎರಡು ತಮಿಳುನಾಡಿನ ಚೆಟ್ಟಿನಾಡು ಮನೆ, ಒಂದು ಯಾವುದೋ ಗ್ರೀಸ್ ದ್ವೀಪದ್ದು. ಸ್ಟೈಲ್ ಒಂದಕ್ಕೊಂದು ಸಂಬಂಧವೇ ಇಲ್ಲ. ಪ್ರತಿ ಫೋಟೋ ಹಿಂದೆ ಪೆನ್ಸಿಲಿನಲ್ಲಿ ನನಗೆ ಇದರಲ್ಲಿ ಏನು ಹಿಡಿಸಿತು ಅಂತ ಬರೆಯೋಕೆ ಶುರು ಮಾಡಿದೆ. ಸ್ಟೈಲಿನ ಹೆಸರು ಬರೆಯಬಾರದು, ಬರೀ ಕಣ್ಣಿಗೆ ಕಂಡ ವಸ್ತು ಬರೆಯಬೇಕು ಅಂತ ನನಗೆ ನಾನೇ ನಿಯಮ ಹಾಕಿಕೊಂಡೆ. ಮಕ್ಕಳಿಗೆ ಚಿತ್ರ ನೋಡಿ ಐದು ವಾಕ್ಯ ಬರೀರಿ ಅಂತೀವಲ್ಲ, ಹಾಗೆ. ಬರೆದು ಮುಗಿಸಿದಾಗ ಅದೇ ನಾಲ್ಕು ಮಾತು ಮತ್ತೆ ಮತ್ತೆ ಬಂದಿತ್ತು. ಕೂರುವ ಜಾಗ ನೆಲಕ್ಕೆ ಹತ್ತಿರ. ಬೆಳಕು ಮೇಲಿನಿಂದ ಅಲ್ಲ, ಪಕ್ಕದಿಂದ. ನೆಲ ಕಾಣುತ್ತೆ. ಗೋಡೆಯಲ್ಲಿ ಗೂಡು. ಫಾಲ್ಸ್ ಸೀಲಿಂಗ್ ಅಂತ ಒಂದರ ಹಿಂದೆಯೂ ಬರೆದಿರಲಿಲ್ಲ.

ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ನಾನು ಹೇಳೋದು ಇಷ್ಟೇ, ಪ್ರಿಂಟ್ ಹಾಕಿಸಿ ಹಿಂದೆ ಬರೀರಿ. ಝೆರಾಕ್ಸ್ ಅಂಗಡಿಗೆ ನಾನು ಕೊಟ್ಟದ್ದು ಮುನ್ನೂರು ರೂಪಾಯಿ. ಆ ಹತ್ತು ಸಾವಿರಕ್ಕಿಂತ ಅದು ಜಾಸ್ತಿ ಕೆಲಸ ಮಾಡಿತು.

ಆಮೇಲೆ ಇನ್ನೊಂದು ಚಟ ಅಂಟಿತು. ಪ್ರತಿ ಸ್ಟೈಲಿಗೂ ಯಾಕೆ ಹಂಗೆ ಅಂತ ಕೇಳೋದು. ಸ್ಕ್ಯಾಂಡಿನೇವಿಯಾ ಕಡೆ ಚಳಿಗಾಲದಲ್ಲಿ ಹಗಲು ಅನ್ನೋದು ಕೆಲವೇ ತಾಸು. ಬಂದಷ್ಟು ಬೆಳಕನ್ನು ಹಿಡಿದು ಕೋಣೆಯೆಲ್ಲ ಹರಡೋಕೆ ಅವರಿಗೆ ಬಿಳಿ ಗೋಡೆ ಬೇಕು. ನಮಗೆ ಏಪ್ರಿಲ್ ಮೇ ತಿಂಗಳಲ್ಲಿ 42, 43 ಡಿಗ್ರಿ, ಬೆಳಕು ಬೇಡ ಬೇಡ ಅಂದರೂ ಒಳಗೆ ನುಗ್ಗುತ್ತೆ. ಪಡುವಣ ಕಿಟಕಿ ಇರೋ ಕೋಣೆಗೆ ಹಾಲಿನಂಥ ಬಿಳಿ ಬಳಿದರೆ ಮಧ್ಯಾಹ್ನ ಮೂರಕ್ಕೆ ಕಣ್ಣು ಬಿಡೋಕಾಗಲ್ಲ. ಮೇಲೆ ಹೇಳಿದ ಟೀಚರ್ ಫ್ಲ್ಯಾಟಿನಲ್ಲಿ ಅದೇ ಆಗಿದೆ. ಚೆಂದದ ಬಿಳಿ ಪಡಸಾಲೆ, ದಿನವಿಡೀ ಪರದೆ ಹಾಕಿ ಟ್ಯೂಬ್‌ಲೈಟ್ ಹಚ್ಚಿ ಕೂತಿರುತ್ತಾರೆ ಪಾಪ.

ಇಂಡಸ್ಟ್ರಿಯಲ್ ಅಂತೂ ಇನ್ನೂ ಮಜಾ. ನ್ಯೂಯಾರ್ಕಿನ ಸೋಹೋದಲ್ಲಿ 1960, 70ರ ದಶಕದಲ್ಲಿ ಕಾರ್ಖಾನೆಗಳು ಖಾಲಿ ಬಿದ್ದವು, ಬಾಡಿಗೆ ಕಡಿಮೆ ಅಂತ ಕಲಾವಿದರು ಹೋಗಿ ಸೇರಿಕೊಂಡರು, ಇಟ್ಟಿಗೆ ಪೈಪು ಮುಚ್ಚೋಕೆ ಅವರ ಹತ್ತಿರ ದುಡ್ಡಿರಲಿಲ್ಲ. ಈಗ ಅದೇ ಫ್ಯಾಶನ್. ನಮ್ಮ ಬಡಾವಣೆಯಲ್ಲಿ ಸಾಲದ ದುಡ್ಡು ಮುಗಿದು ಪ್ಲಾಸ್ಟರ್ ಅರ್ಧಕ್ಕೆ ನಿಂತ ಮನೆಗಳು ಏಳೆಂಟಿವೆ. ಲೆಕ್ಕದ ಪ್ರಕಾರ ನಾವಿರೋದು ಇಂಡಸ್ಟ್ರಿಯಲ್ ಲೇಔಟಿನಲ್ಲಿ.

ಮಿಡ್ ಸೆಂಚುರಿ ಓದುವಾಗ ಒಂದು ವಿಷಯ ಸಿಕ್ಕಿತು, ಅದಂತೂ ಮರೆಯಲ್ಲ. 1950ರ ದಶಕದಲ್ಲಿ ಚಂಡೀಗಢ ಕಟ್ಟುವಾಗ ಪಿಯರ್ ಜಾನ್‌ರೆ ಅನ್ನೋ ಆರ್ಕಿಟೆಕ್ಟ್ ಮತ್ತವರ ಜೊತೆಯವರು ಸರ್ಕಾರಿ ಕಚೇರಿಗಳಿಗೆ ಅಂತ ತೇಗದ ಮರ, ಬೆತ್ತದ ಹೆಣಿಗೆಯ ಕುರ್ಚಿ ಮಾಡಿಸಿದ್ದರು. ಆಮೇಲೆ ಮುರಿದವು ಅಂತ ಮೂಲೆಗೆ ಎಸೆದರು. ಈಗ ಅವೇ ಕುರ್ಚಿಗಳು ಹೊರದೇಶದಲ್ಲಿ ಲಕ್ಷಗಟ್ಟಲೆಗೆ ಹರಾಜಾಗುತ್ತವೆ. ಅದನ್ನು ಓದಿದ ಮರುದಿನವೇ ಮಾವನವರ ಹಳೇ ಬೆತ್ತದ ಕುರ್ಚಿಯನ್ನು ಅಟ್ಟದಿಂದ ಇಳಿಸಿದೆ. ಅದು ಚಂಡೀಗಢದ್ದೇನಲ್ಲ, ಯಾವುದೋ ಹಳೇ ಸಾಮಾನಿನ ಅಂಗಡಿಯದು. ಆದರೂ ಕಾಲು ಓರೆಯಾಗಿದೆ. ಬೆತ್ತ ಹೊಸದಾಗಿ ಹೆಣೆಸಿ, ಹಳೇ ಪಾಲಿಶ್ ಕೆರೆಸಿ ಎಣ್ಣೆ ಕೊಡಿಸಿದೆ. ಈಗ ಮನೆಗೆ ಬಂದವರೆಲ್ಲ ಅದರ ಮೇಲೇ ಕೂರುತ್ತಾರೆ.

ಫೋಟೋ ಸಾಕು, ಇನ್ನು ಕಾಲಿಟ್ಟು ನೋಡೋಣ ಅಂತ ಹೊರಟೆವು. ಹೈದರಾಬಾದಿನಲ್ಲಿ ನಮ್ಮ ನಾದಿನಿ ಇದ್ದಾಳೆ. ಅವಳ ಮನೆಗೆ ಹೋದಾಗ ಹೈಟೆಕ್ ಸಿಟಿಯ ಐಕಿಯಾಗೆ, ಅಂದರೆ ಸ್ವೀಡನ್ನಿನವರ ಫರ್ನಿಚರ್ ಅಂಗಡಿಗೆ, ಕರೆದುಕೊಂಡು ಹೋದಳು. 2018ರಲ್ಲಿ ಶುರುವಾದದ್ದು, ದೇಶದಲ್ಲಿ ಅವರ ಮೊದಲ ಅಂಗಡಿ. ಕೊಂಡದ್ದು ಬಹಳ ಕಡಿಮೆ, ಕಲಿತದ್ದು ಜಾಸ್ತಿ. ಅಲ್ಲಿ ಕೋಣೆ ಕೋಣೆಯನ್ನೇ ಜೋಡಿಸಿಟ್ಟಿರುತ್ತಾರೆ, ಒಳಗೆ ಹೋಗಿ ಕೂರಬಹುದು, ಕಪಾಟು ತೆಗೆಯಬಹುದು, ಯಾರೂ ಏನೂ ಅನ್ನಲ್ಲ. ನಾನು ಟೇಪು ಹಿಡಿದು ಅಳೆದೆ. ಪುಟ್ಟ ಕೋಣೆ ದೊಡ್ಡದಾಗಿ ಕಾಣೋದಕ್ಕೆ ಕಾರಣ ಬಣ್ಣ ಅಷ್ಟೇ ಅಲ್ಲ, ಸಾಮಾನಿಗೆಲ್ಲ ಕಾಲಿದೆ, ಕೆಳಗೆ ನೆಲ ಕಾಣುತ್ತೆ. ಒಂದೇ ಕೋಣೆಯಲ್ಲಿ ನಾಲ್ಕೈದು ಸಣ್ಣ ದೀಪ, ಎಲ್ಲವೂ ಕೂತವರ ಭುಜದ ಎತ್ತರದಲ್ಲಿ. ನಮ್ಮಲ್ಲಿ ಒಂದೇ ಟ್ಯೂಬ್‌ಲೈಟು, ಅದೂ ಛತ್ತಿಗೆ ಅಂಟಿಕೊಂಡು. ಸೋಫಾಗಳ ಮೇಲೆ ಮಾತ್ರ ಮನಸ್ಸು ಬರಲಿಲ್ಲ. ಅತ್ತೆ ಒಂದರ ಮೇಲೆ ಕಾಲು ಮಡಚಿ ಚಕ್ಕಳಮಕ್ಕಳ ಕೂರೋಕೆ ನೋಡಿದರು. ಬೆನ್ನು ಹಿಂದಕ್ಕೆ ಮುಳುಗಿತು, ಏಳೋಕೆ ನಾದಿನಿ ಕೈ ಕೊಡಬೇಕಾಯಿತು. “ನೋಡೋದು,” ಅಂದರು ಅತ್ತೆ. ನಾನು ನಕ್ಕಿದ್ದಕ್ಕೆ ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು.

ಊರಿಗೆ ವಾಪಸ್ ಬಂದ ಮೇಲೆ ಒಂದು ಭಾನುವಾರ ಮಗಳ ಶಾಲೆ ಪ್ರಾಜೆಕ್ಟಿಗೆ ಅಂತ ಕೋಟೆಗೆ ಹೋದೆವು. ಹುಟ್ಟಿದಾಗಿಂದ ಅದೇ ಕೋಟೆ ನೋಡಿದ್ದೇನೆ, ಆದರೆ ಜಾಮಿ ಮಸೀದಿ ಒಳಗೆ ಈ ಕಣ್ಣಿನಿಂದ ನೋಡಿರಲಿಲ್ಲ. 1367ರದು. ಮಸೀದಿ ಅಂದರೆ ನಡುವೆ ಅಂಗಳ ಇರೋದು ರೂಢಿ, ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಮೇಲೆ ಛಾವಣಿ. ಒಳಗೆ ಚಿತ್ತಾರ ಇಲ್ಲ, ಕೆತ್ತನೆ ಇಲ್ಲ. ಬರೀ ಕಮಾನು, ಅದರ ಹಿಂದೆ ಕಮಾನು, ನೆರಳು. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಕಾಲಿಟ್ಟರೆ ತಣ್ಣಗೆ. ಮಿನಿಮಲಿಸ್ಟ್ ಅಂದರೆ ಇದಪ್ಪಾ ಅನ್ನಿಸಿತು. ಸುತ್ತಿನ ಮೊಗಸಾಲೆಯ ಕಮಾನುಗಳನ್ನು ನಿಂತು ನೋಡಿದೆ. ಅಗಲ ಬಹಳ, ಆದರೆ ಬಾಗೋದು ತುಂಬಾ ಕೆಳಗಿನಿಂದಲೇ ಶುರುವಾಗುತ್ತೆ. ಅದಕ್ಕೇ ಅವು ಹೆಗಲ ಮೇಲೆ ಕೈ ಹಾಕಿದ ಹಾಗೆ ಕಾಣುತ್ತವೆ. ಫೋನಿನಲ್ಲಿ ಫೋಟೋ ಹೊಡೆದುಕೊಂಡೆ. 118ನೆಯದು.

ಆ ಫೋಟೋ ಕೆಲಸಕ್ಕೆ ಬಂತು. ಅಡುಗೆಮನೆ ಓಪನ್ ಇರಬೇಕು ಅಂತ ನನ್ನ ಆಸೆ, ಫೋಟೋಗಳೆಲ್ಲ ಹಂಗೇ ಇದ್ದವು. ಆದರೆ ಆ ಫೋಟೋದ ಮನೆಗಳಲ್ಲಿ ಯಾರೂ ದಿನಾ ಎರಡು ಹೊತ್ತು ಜೋಳದ ರೊಟ್ಟಿ ಬಡಿಯಲ್ಲ. ಬಡಿಯೋ ಸದ್ದು ಇರಲಿ, ಹಾರುವ ಹಿಟ್ಟು ಹೋಗಿ ಟಿವಿ ಮೇಲೆ ಕೂರುತ್ತೆ. ಒಗ್ಗರಣೆಗೆ ಹಸಿಮೆಣಸಿನಕಾಯಿ ಹಾಕಿದರೆ ಬಂದ ನೆಂಟರು ಕೆಮ್ಮಬೇಕು. ಕಡೆಗೆ ಗೋಡೆ ಇರಲಿ, ಬಾಗಿಲ ಬದಲು ಕಮಾನು ಮಾಡೋಣ ಅಂತಾಯಿತು. ಐದು ಅಡಿ ಅಗಲದ ಖಾಲಿ ಜಾಗ, ಏಳು ಅಡಿಗೆ ಲಿಂಟಲ್. ಗೌಂಡಿ ಎರಡು ಮೂಲೆಗೆ ಇಟ್ಟಿಗೆ ಕೊಟ್ಟು ಒಂದು ದಿನದಲ್ಲಿ ಕಮಾನು ಎಬ್ಬಿಸಿದರು. ನೋಡಿದರೆ ಬೇಕರಿ ಬಾಗಿಲು! ಆರು ಅಡಿವರೆಗೆ ನೆಟ್ಟಗೆ ಹೋಗಿ ಮೇಲೆ ಒಂದಡಿ ಮಾತ್ರ ಬಾಗಿತ್ತು. ಮಸೀದಿ ಫೋಟೋ ತೋರಿಸಿದೆ. ಅವರು ಫೋನನ್ನು ಅಡ್ಡ ಉದ್ದ ತಿರುಗಿಸಿ ನೋಡಿ, “ಬುಡದಿಂದನೇ ಬಾಗ್ಸಬೇಕಂತೀರಿ” ಅಂದರು. ಒಡೆದು ಮತ್ತೆ ಕಟ್ಟಿದರು. ಈ ಸಲ ನಾಲ್ಕೂವರೆ ಅಡಿಯಿಂದ ಬಾಗಿಸಿದರು, ಮೇಲಿನ ಎರಡೂವರೆ ಅಡಿ ಸರಿಯಾಗಿ ಅರ್ಧ ವೃತ್ತ. ಒಂದು ದಿನದ ಕೂಲಿ ದಂಡ ಆಯಿತು, ಪರವಾಗಿಲ್ಲ. ಇಡೀ ಮನೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಕಮಾನೇ.

ಬೀದರಿಗೆ ಹೋದದ್ದು ಮದುವೆಗೆ. ಮುಹೂರ್ತ ಮುಗಿಸಿ ಊಟ ಮಾಡಿ, ಸೀರೆ ಒಡವೆ ಸಮೇತ ಕೋಟೆಗೆ ಹೋದೆವು. ರಂಗೀನ್ ಮಹಲಿಗೆ ಬೀಗ ಹಾಕಿತ್ತು, ಕಚೇರಿಯಲ್ಲಿ ಕೇಳಿಕೊಂಡ ಮೇಲೆ ತೆಗೆದರು. ಹದಿನಾರನೇ ಶತಮಾನದಲ್ಲಿ, ಬೀದರ್ ಆಳಿದ ಬರೀದ್ ಶಾಹಿಗಳ ಕಾಲದಲ್ಲಿ ಸಿಂಗಾರಗೊಂಡ ಜಾಗ. ಕೆತ್ತಿದ ಮರದ ಕಂಬ, ಬಣ್ಣದ ಟೈಲ್ಸ್ ಎಲ್ಲ ಇವೆ. ನಾನು ನಿಂತದ್ದು ಒಂದು ಬಾಗಿಲ ಮುಂದೆ. ಕರೀ ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಕೋಣೆ ಮಬ್ಬು. ನೆಟ್ಟಗೆ ನಿಂತರೆ ಏನೂ ಕಾಣಲ್ಲ, ತಲೆ ಸ್ವಲ್ಪ ಓರೆ ಮಾಡಿದರೆ ಬಳ್ಳಿಯೆಲ್ಲ ಒಂದೇ ಸಲ ಮಿಂಚುತ್ತೆ, ಒಂದು ಹೆಜ್ಜೆ ಸರಿದರೆ ಮತ್ತೆ ಆರಿಹೋಗುತ್ತೆ. ಹತ್ತು ಸಲ ಹಿಂದೆ ಮುಂದೆ ಓಡಾಡಿದೆ. ಬೀಗ ತೆಗೆದವರು ಕೀಲಿಕೈ ಅಲ್ಲಾಡಿಸುತ್ತಾ ನಿಂತಿದ್ದರು.

ಅಲ್ಲಿಂದ ಚೌಬಾರಾ ಹತ್ತಿರ ಬಿದ್ರಿ ಅಂಗಡಿ. ಹಿಂದಿನ ಕೋಣೆಯಲ್ಲಿ ಒಬ್ಬ ಚಾಚಾ ಕೆಲಸ ಮಾಡುತ್ತಿದ್ದರು, ನೋಡಬಹುದಾ ಅಂದರೆ ಚಾಪೆ ಸರಿಸಿ ಜಾಗ ಕೊಟ್ಟರು. ಬಿದ್ರಿ ಕಪ್ಪು ಅಂದರೆ ಬಣ್ಣ ಬಳಿದದ್ದು ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ. ಅಲ್ಲವೇ ಅಲ್ಲ. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ, ಉಳಿಯಿಂದ ಕೊರೆದು ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಅಲ್ಲಿತನಕ ಅದು ಬೂದು ಬಣ್ಣ, ಬೆಳ್ಳಿ ಎದ್ದು ಕಾಣಲ್ಲ. ಕಡೆಗೆ ಬಿಸಿ ಮಾಡಿ, ಕೋಟೆ ಮಣ್ಣಿಗೆ ನವಸಾಗರ ಕಲಸಿದ ಕೆಸರು ಹಚ್ಚಿ ಉಜ್ಜುತ್ತಾರೆ. ಕಣ್ಣೆದುರೇ ಬೂದು ಹೋಗಿ ಕಪ್ಪಾಯಿತು, ಬೆಳ್ಳಿ ಮಾತ್ರ ಹಂಗೇ ಬೆಳ್ಳಗೆ ಉಳಿಯಿತು. ತೊಳೆದು ಎಣ್ಣೆ ಒರೆಸಿ ನನ್ನ ಕೈಗೆ ಕೊಟ್ಟರು, ಇನ್ನೂ ಬೆಚ್ಚಗಿತ್ತು. ಅಂಗೈಯಗಲದ ಒಂದು ತಟ್ಟೆ ಕೊಂಡೆ.

ಬಸ್ಸಿನಲ್ಲಿ ಹುಮನಾಬಾದ್ ದಾಟೋ ಹೊತ್ತಿಗೆ ಪಡಸಾಲೆ ತಲೆಯಲ್ಲಿ ಕೂತಿತ್ತು. ಹೊಳೆಯೋದು ಒಂದೇ ಇರಬೇಕು, ಅದರ ಸುತ್ತ ಕಪ್ಪಿರಬೇಕು. ಒಂದು ಗೋಡೆ ಪೂರ್ತಿ ಕಪ್ಪು ಬಳಿಯೋಣ ಅಂದೆ. ನಮ್ಮ ಮನೆಯವರು ಹಿಂದಿನ ಸೀಟಿನಿಂದ, “ನಮ್ಮೂರ ಧೂಳಿಗೆ ಕರೀ ಗೋಡಿ?” ಅಂದರು. ಹೌದು, ಕಪ್ಪಿನ ಮೇಲೆ ಧೂಳು ಎಷ್ಟು ಕಾಣುತ್ತೆ ಅಂತ ನಮ್ಮ ಸ್ಕೂಟರ್ ನೋಡಿದರೆ ಸಾಕು. ಹಾಗಾಗಿ ಗೋಡೆ ಬೇಡ, ಗೂಡು. ನಮ್ಮ ತವರು ಚಿತ್ತಾಪುರ ತಾಲ್ಲೂಕು. ಅಲ್ಲಿನ ಹಳೇ ಮನೆಯ ಗೋಡೆ ಎರಡೂವರೆ ಅಡಿ ದಪ್ಪ, ಗೂಡಿನೊಳಗೆ ಲಾಟೀನು, ಪಂಚಾಂಗ, ಅಜ್ಜನ ಅಡಕೊತ್ತು ಎಲ್ಲ ಇರುತ್ತಿದ್ದವು. ಹೊಸ ಮನೆ ಗೋಡೆ ಒಂಬತ್ತು ಇಂಚು. ಅದರಲ್ಲಿ ಅರ್ಧ ಇಟ್ಟಿಗೆ ಬಿಟ್ಟರೆ ಗೂಡಿಗೆ ಸಿಗೋದು ನಾಲ್ಕೂವರೆ ಇಂಚು. ಲಾಟೀನು ಕೂರಲ್ಲ, ಬಿದ್ರಿ ತಟ್ಟೆ ಕೂರುತ್ತೆ. ಮೂರು ಗೂಡು ಮಾಡಿಸಿ ಒಳಗೆ ಮಾತ್ರ ಇದ್ದಿಲ ಬಣ್ಣ ಕೊಡಿಸಿದೆ. ಒಂದರಲ್ಲಿ ತಟ್ಟೆ, ಒಂದರಲ್ಲಿ ದೀಪ, ಮೂರನೆಯದು ಖಾಲಿ ಇರಲಿ ಅಂದಿದ್ದೆ. ಅದರಲ್ಲಿ ಈಗ ಅತ್ತೆಯ ಬಿಪಿ ಮಾತ್ರೆ, ಕನ್ನಡಕ, ಮೊಬೈಲ್ ಚಾರ್ಜರ್.

ಬಣ್ಣದ ಕಥೆ ಮಾತ್ರ ನಾನೇ ಕೆಡಿಸಿಕೊಂಡದ್ದು. ಬೂದು ಮತ್ತು ಮಣ್ಣಿನ ಬಣ್ಣದ ನಡುವಿನದೊಂದು ಶೇಡ್ ಫೋನಿನಲ್ಲಿ ನೋಡಿ ಮರುಳಾಗಿ, ಅಂಗಡಿಯಲ್ಲಿ ಶೇಡ್ ಕಾರ್ಡಿಗೆ ಫೋನ್ ಹಿಡಿದು ಹೊಂದಿಸಿ, ಎರಡು ಬಕೆಟ್ ತಂದು ಪಡಸಾಲೆಗೆಲ್ಲ ಬಳಿಸಿದೆ. ಹಗಲು ಚೆನ್ನಾಗೇ ಇತ್ತು. ಸಂಜೆ ಲೈಟ್ ಹಾಕಿದರೆ ಗೋಡೆ ನೇರಳೆ! ಪೇಂಟರ್ ಹುಡುಗ ನನ್ನ ಹಳೇ ವಿದ್ಯಾರ್ಥಿ. ತಲೆ ಕೆರೆದುಕೊಂಡು, “ಟೀಚರ್ರೀ, ಬದನಿಕಾಯಿ ಬಣ್ಣ ಆಗ್ಯದಲ್ರಿ” ಅಂದ. ಬಣ್ಣದ ಡಬ್ಬಿಯದು ಏನೂ ತಪ್ಪಿಲ್ಲ. ನಾವು ಹಾಕಿದ್ದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ, ಅದು ನೀಲಿ ಕಡೆ ವಾಲುತ್ತೆ. ಆ ಫೋಟೋ ತೆಗೆದದ್ದು ಹಳದಿ ಬೆಳಕಿನಲ್ಲಿ. ಆಮೇಲೆ ಎರಡಡಿ ಹಾರ್ಡ್‌ಬೋರ್ಡ್ ತುಂಡುಗಳಿಗೆ ನಾಲ್ಕು ಬಣ್ಣ ಬಳಿದು, ಬೆಳಿಗ್ಗೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ 3000 ಕೆಲ್ವಿನ್‌ನ ಹಳದಿ ಬಲ್ಬಿನ ಕೆಳಗೆ ಎಲ್ಲ ಗೋಡೆಗೂ ಆನಿಸಿ ನೋಡಿದೆವು. ಗೆದ್ದದ್ದು ಬಿಳಿಯೂ ಅಲ್ಲದ ಹಳದಿಯೂ ಅಲ್ಲದ, ಸುಲಿದ ಶೇಂಗಾ ಬೀಜದ ಒಳಗಿನಂಥದ್ದು. ಕಾರ್ಡಿನಲ್ಲಿ ಅದಕ್ಕೇನೋ ದೊಡ್ಡ ಹೆಸರಿತ್ತು, ಮನೆಯಲ್ಲಿ ಅದು ಶೇಂಗಾ ಬಣ್ಣ.

ನೆಲಕ್ಕೆ ಮೊದಲು ಕನ್ನಡಿಯಂಥ ಟೈಲ್ಸ್ ಅಂತ ಇತ್ತು. ಚೆಟ್ಟಿನಾಡಿನ ಆತಂಗುಡಿ ಟೈಲ್ಸ್ ಮೇಲೂ ಆಸೆ ಇತ್ತು, ಗಾಜಿನ ಮೇಲೆ ಸಿಮೆಂಟ್ ಬಣ್ಣ ಹೊಯ್ದು ಕೈಯಲ್ಲೇ ಮಾಡೋದು, ಎಷ್ಟು ಚೆಂದ ಅಂತೀರಿ. ಆದರೆ ಅಷ್ಟು ದೂರದಿಂದ ತರಿಸಬೇಕು, ಒಡೆದರೆ ಮತ್ತೆ ತರಿಸಬೇಕು. ಇತ್ತ ಶಹಾಬಾದ್ ಪಕ್ಕದಲ್ಲೇ ಇದೆ. ಇಲ್ಲಿ ಅದನ್ನು ಫರಸಿ ಅಂತೀವಿ, ದನದ ಕೊಟ್ಟಿಗೆಗೆ, ಹಿತ್ತಿಲಿಗೆ ಹಾಕೋ ಕಲ್ಲು ಅಂತ ಲೆಕ್ಕ. ಮನೆಯೊಳಗೆ ಹಾಕ್ತೀವಿ ಅಂದರೆ ಸಂಬಂಧಿಕರು ಬಡವರಾದರೇನೋ ಅನ್ನೋ ಹಾಗೆ ನೋಡಿದರು. ಕಲ್ಲು ಅಗ್ಗ, ಆದರೆ ಅಂಚು ಮಷೀನಿನಲ್ಲಿ ಕೊಯ್ಸಿ, ಕೂರಿಸಿ, ಪಾಲಿಶ್ ಮಾಡಿಸೋ ಹೊತ್ತಿಗೆ ಟೈಲ್ಸ್ ಲೆಕ್ಕಕ್ಕೇ ಬಂತು. ತಣ್ಣಗಿದೆ, ಮೇ ತಿಂಗಳಲ್ಲಿ ಮಧ್ಯಾಹ್ನ ಎಲ್ಲರೂ ಬರೀ ನೆಲದ ಮೇಲೆ ಮಲಗುತ್ತೇವೆ. ಒಂದು ವಿಷಯ ಯಾರೂ ಹೇಳಿರಲಿಲ್ಲ. ಇದು ಸುಣ್ಣದ ಕಲ್ಲು, ಹುಳಿ ತಾಗಿದರೆ ತಿನ್ನುತ್ತೆ. ಗೃಹಪ್ರವೇಶದ ದಿನವೇ ಮಗಳು ನಿಂಬೆ ಶರಬತ್ತಿನ ಲೋಟ ನೆಲಕ್ಕಿಟ್ಟಳು. ಒರೆಸಿದೆವು, ತಿಕ್ಕಿದೆವು, ಮಂಕಾದ ಒಂದು ಉಂಗುರ ಹಂಗೇ ಉಳಿಯಿತು. ಪಾಲಿಶ್‌ನವರು ಬಂದರೆ ಹೋಗುತ್ತಂತೆ. ಅದೊಂದಕ್ಕೆ ಯಾರು ಕರೆಸ್ತಾರೆ.

ಬೋಹೋ ಗುಂಪಿನಿಂದ ಉಳಿದದ್ದು ಒಂದೇ. ಫೋಟೋಗಳಲ್ಲಿ ಗೋಡೆಗೆ ಬಟ್ಟೆ ಹಾಕಿರುತ್ತಾರಲ್ಲ, ಹಾಗೆ ಅಮ್ಮ ಕೊಟ್ಟ ಹಳೇ ಕೌದಿಯನ್ನು ಕೋಲಿಗೆ ಪೋಣಿಸಿ ಬೆಡ್‌ರೂಮಿನ ಗೋಡೆಗೆ ಹಾಕಿದೆ. ನನ್ನ ಲಂಗ, ಅಮ್ಮನ ಇಳಕಲ್ ಸೀರೆ, ಅಜ್ಜಿಯದೊಂದು ತುಂಡು, ಎಲ್ಲ ಇದೆ ಅದರಲ್ಲಿ. ಅತ್ತೆ ಬಾಗಿಲಲ್ಲೇ ನಿಂತು, “ಹೊಚ್ಚಿಕೊಳ್ಳೋದನ್ನ ಗ್ವಾಡಿಗೆ ಹಾಕ್ತಾರೇನು?” ಅಂದರು. ಡಿಸೆಂಬರ್‌ನಲ್ಲಿ ಚಳಿ ಬಿತ್ತು. ಒಂದು ಬೆಳಿಗ್ಗೆ ನೋಡಿದರೆ ಗೋಡೆ ಖಾಲಿ, ಕೋಲು ಮಾತ್ರ ನೇತಾಡುತ್ತಿತ್ತು. ಅತ್ತೆ ಕೌದಿಯೊಳಗೆ ಗೊರಕೆ ಹೊಡೆಯುತ್ತಿದ್ದರು. ಈಗ ಅದು ಸೆಕೆಗಾಲದಲ್ಲಿ ಗೋಡೆಗೆ, ಚಳಿಗಾಲದಲ್ಲಿ ಅತ್ತೆಗೆ.

ಅತ್ತೆ ಮೊದಲು ಎತ್ತಿಟ್ಟುಕೊಂಡ ಆ ಕಿಟಕಿ ಪಕ್ಕದ ಕೂರುವ ಜಾಗ ಆಯಿತಾ ಅಂತ ಕೇಳಿದರೆ, ಆಯಿತು. ಬಡಿಗೇರ್ ಅವರು ಹದಿನಾಲ್ಕು ಇಂಚು ಎತ್ತರದ ದಿವಾನ್ ಮಾಡಿಕೊಟ್ಟರು, ಆರು ಅಡಿ ಉದ್ದ, ಕಾಲು ಮಡಚಿ ಕೂತರೂ ಜಾಗ ಉಳಿಯುವಷ್ಟು ಅಗಲ, ಕೆಳಗೆ ಕಸಬರಿಗೆ ಹೋಗುವಷ್ಟು ಸಂದಿ. ಅದರ ಮೇಲೆ ಒಂದು ಜಮಖಾನ, ಗೋಡೆಗೆ ಎರಡು ಲೋಡು. ಸಂಜೆ ಬೆಳಕು ಪಕ್ಕದಿಂದ ಬರುತ್ತೆ, ಚಹಾ ಲೋಟ ಇಡೋಕೆ ಕಿಟಕಿಯ ಕಲ್ಲಿದೆ. ಫೋಟೋದಲ್ಲಿದ್ದ ಹಾಗೇ ಇದೆ.

ಜೂನ್‌ನಿಂದ ಫೆಬ್ರುವರಿ ತನಕ ಮಾತ್ರ. ನನ್ನ 117 ಫೋಟೋಗಳಲ್ಲಿ ಫ್ಯಾನ್ ಇದ್ದದ್ದು ಎರಡರಲ್ಲಿ, ಕೂಲರ್ ಒಂದರಲ್ಲೂ ಇಲ್ಲ. ನನಗೂ ನೆನಪಾಗಲಿಲ್ಲ, ಬಡಿಗೇರ್ ಅವರಿಗೂ ನೆನಪಾಗಲಿಲ್ಲ. ಪಡಸಾಲೆಗೆ ಹೊರಗಿನ ಗಾಳಿ ಬರುವ ಕಿಟಕಿ ಇರೋದು ಅದೊಂದೇ, ಕೂಲರ್ ಕೂರಬೇಕಾದದ್ದೂ ಅಲ್ಲೇ. ಮಾರ್ಚ್ ಬಂತು ಅಂದರೆ ದಿವಾನ್ ಎಳೆದು ಎದುರು ಗೋಡೆಗೆ ಹಾಕಿ, ತುಕ್ಕು ಹಿಡಿದ ಸ್ಟ್ಯಾಂಡ್ ಮೇಲೆ ಕೂಲರ್ ಏರಿಸುತ್ತೇವೆ. ಹುಲ್ಲಿನ ಪ್ಯಾಡಿನ ಒದ್ದೆ ವಾಸನೆ, ಪೈಪು, ಬಕೆಟ್ಟು ಎಲ್ಲ ಬರುತ್ತೆ. ಪಕ್ಕದಲ್ಲಿ ಇನ್ನೊಂದು ಕಿಂಡಿ ಒಡೆಸೋಣ ಅಂತ ನಮ್ಮ ಮನೆಯವರು ಎರಡು ವರ್ಷದಿಂದ ಹೇಳುತ್ತಿದ್ದಾರೆ.

ಉಳಿದ 94 ಫೋಟೋ ಎಸೆಯೋಕೆ ನನಗೆ ಮನಸ್ಸು ಬರಲಿಲ್ಲ, ಒಂದು ಕವರಿನಲ್ಲಿ ಹಾಕಿಟ್ಟಿದ್ದೆ. ಹೋದ ತಿಂಗಳು ಹುಡುಕಿದರೆ ಕವರ್ ಇಲ್ಲ. ಅತ್ತೆಯನ್ನು ಕೇಳಿದೆ. “ಗಟ್ಟಿ ಹಾಳಿ ಇದ್ದವು, ಸುಮ್ನ ಯಾಕ ಕೆಡಸೋದು” ಅಂದರು. ಅಡುಗೆಮನೆ ಕಪಾಟಿನಲ್ಲಿ ಡಬ್ಬಿಗಳ ಕೆಳಗೆ ಹಾಸಿಬಿಟ್ಟಿದ್ದಾರೆ. ಈಗ ತೊಗರಿಬೇಳೆ ಡಬ್ಬಿ ಎತ್ತಿದರೆ ಕೆಳಗೆ ಕೋಪನ್‌ಹೇಗನ್ನಿನ ಬಿಳಿ ಕೋಣೆ, ಅದರ ಮೇಲೆ ಡಬ್ಬಿಯ ತಳದ ಎಣ್ಣೆ ಕಲೆ.